ಸುರುಳಿ ಕಲ್ಲಿನ ಐದು ಗೆರೆಗಳು

"ಸ್ವಲ್ಪ ಆ ಕಡೆ ಸರಿ ಮರಿ, ಬೆಳಕಿಗೆ ಅಡ್ಡ ನಿಂತಿದೀಯ," ಎಂದರು ಬುಶ್ರಾ ಮೇಡಂ.

ತೂದಾ ಅಪ್ಪನ ಕಲ್ಲಿನ ಅಂಗಡಿಯ ಗೋಡೆಗೆ ಅಂಟಿಕೊಂಡು ನಿಂತಳು. ಮೇಡಂ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಪುಟ್ಟ ಭೂತಗನ್ನಡಿ ಹಿಡಿದು, ಅಂಗೈ ಅಗಲದ ಕಲ್ಲೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡ ಕಲ್ಲು. ಊರಿನವರು ಅದನ್ನು ಸುರುಳಿ ಕಲ್ಲು ಎನ್ನುತ್ತಾರೆ. ಮೇಡಂ ಅಮೊನೈಟ್ ಎನ್ನುತ್ತಾರೆ, ಕಲ್ಲಾಗಿ ಉಳಿದ ಹಳೇ ಕಡಲ ಪ್ರಾಣಿಯ ಚಿಪ್ಪು. ಅವರು ಫೆಸ್ ನಗರದಲ್ಲಿ ಕಾಲೇಜು ಮೇಡಂ. ವರ್ಷಕ್ಕೆ ಎರಡು ಸಲ ಕಾರು ಮಾಡಿಕೊಂಡು ಈ ಅಟ್ಲಾಸ್ ಬೆಟ್ಟಕ್ಕೆ ಬಂದು, ತೂದಾಳ ಅಪ್ಪ ಅಗೆದಿಟ್ಟ ಕಲ್ಲುಗಳನ್ನು ನೋಡಿಕೊಂಡು ಹೋಗುತ್ತಾರೆ.

"ಬಸ್ಸೂ ಅಣ್ಣ, ಇದು ಎಲ್ಲಿ ಸಿಕ್ತು?"

ಅಪ್ಪ ಬಸ್ಸೂ ಬೆಟ್ಟದಿಂದ ಇಳಿದು ಬಂದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ವಾರವಿಡೀ ಅಲ್ಲೇ ಗುಡಾರದಲ್ಲಿದ್ದು ಕಲ್ಲು ಅಗೆದವನು. ಹುಬ್ಬಿನ ಮೇಲೂ ಧೂಳು ಕೂತಿತ್ತು.

"ನನಗಲ್ಲ ಲಲ್ಲಾ, ಇವಳಿಗೆ ಸಿಕ್ಕಿದ್ದು. ನಾನೂ ಈಗಷ್ಟೇ ನೋಡ್ತಿರೋದು." ಅಪ್ಪ ಮೇಡಂ ಅವರನ್ನು ಗೌರವದಿಂದ ಲಲ್ಲಾ ಎಂದೇ ಕರೆಯುತ್ತಿದ್ದ.

"ಹಳ್ಳದಲ್ಲಿ ಸಿಕ್ತು," ಎಂದಳು ತೂದಾ. "ಮೇಕೆ ತಪ್ಪಿಸ್ಕೊಂಡು ಓಡ್ತು. ಹಿಡಿಯೋಕೆ ಹೋದೆ. ಮೇಕೆ ಸಿಗ್ಲಿಲ್ಲ, ಇದು ಸಿಕ್ತು."

ಮೇಡಂ ಭೂತಗನ್ನಡಿ ಕೆಳಗಿಟ್ಟರು. ಅವರ ಕೆನ್ನೆ ಕೆಂಪಾಗಿತ್ತು. "ಇಂಥದ್ದನ್ನ ನಾನು ಇದುವರೆಗೆ ನೋಡಿಲ್ಲ. ಯಾವ ಪುಸ್ತಕದಲ್ಲೂ ಇಲ್ಲ. ಇದು ಹೊಸ ಜಾತಿ ಇರಬಹುದು!"

"ಹೊಸದಾ?" ತೂದಾಳಿಗೆ ತಲೆಬುಡ ತಿಳಿಯಲಿಲ್ಲ. "ಡೈನೋಸಾರ್ ಇದ್ದಾಗಿಂದು ಅಂತಿದ್ರಲ್ಲ?"

"ಹೌದು, ಜುರಾಸಿಕ್ ಕಾಲದ್ದು. ಆಗ ಇಲ್ಲೆಲ್ಲ ಸಮುದ್ರ."

"ಮತ್ತೆ ಹೊಸದು ಹೇಗಾಗುತ್ತೆ?"

"ಅದು ಹಳೇದೇ. ನಮಗೆ ಹೊಸದು. ಅದಕ್ಕಿನ್ನೂ ಹೆಸರೇ ಇಲ್ಲ."

"ಇಷ್ಟು ದಿನ ಹೆಸರಿಲ್ದೇನೇ ಇತ್ತಾ?"

"ಪಾಪ, ಹಾಗೇ ಇತ್ತು," ಎಂದು ಮೇಡಂ ನಕ್ಕರು. "ಅದು ಹೇಗಿದೆ, ಬೇರೆಯವಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಒಂದೊಂದೂ ಬರೆದು, ಚಿತ್ರ ಹಾಕಿ ಅಚ್ಚು ಮಾಡಿಸ್ಬೇಕು. ಹೆಸರನ್ನೂ ಅದರಲ್ಲೇ ಇಡ್ಬೇಕು. ಮನುಷ್ಯರ ಹೆಸರೂ ಇಡಬಹುದು. ಹುಡುಕಿದ್ದು ನೀನು. ಹೇಳು, ಯಾರ ಹೆಸರು ಇಡೋಣ?"

"ಅಪ್ಪಂದು!" ತೂದಾ ಯೋಚನೆ ಕೂಡ ಮಾಡಲಿಲ್ಲ.

ಅಪ್ಪ ಬೇಡ ಬೇಡ ಎನ್ನುತ್ತಲೇ ಕಿವಿಯವರೆಗೂ ನಗುತ್ತಿದ್ದ.

"ಸರಿಯಾದ ಹೆಸರನ್ನೇ ಹೇಳಿದೆ," ಎಂದರು ಮೇಡಂ. "ಈ ರಸ್ತೆಯಲ್ಲಿ ಎಷ್ಟು ಕಲ್ಲಿನ ಅಂಗಡಿ ಇದೆ! ಯಾರ ಕಲ್ಲನ್ನಾದ್ರೂ ಕಣ್ಣು ಮುಚ್ಚಿ ನಂಬ್ತೀನಿ ಅಂದ್ರೆ ಅದು ನಿಮ್ಮಪ್ಪನ ಕಲ್ಲು ಮಾತ್ರ."

ಅದು ಊರಿಗೇ ಗೊತ್ತಿದ್ದ ಮಾತು. ಎದುರಂಗಡಿಯ ಮೋಹಾ, ಮುರಿದ ಕಲ್ಲು ಸಿಕ್ಕರೆ ಕಲ್ಲಿನ ಪುಡಿಗೆ ಅಂಟು ಕಲಸಿ ಮೆತ್ತಿ, ಮೊಳೆಯಿಂದ ಗೆರೆ ಕೊರೆದು, ಪೂರ್ತಿ ಮಾಡಿ ಪ್ರವಾಸಿಗಳಿಗೆ ಮಾರುತ್ತಾನೆ. ಮೋಹಾನ ಕಲ್ಲು ಅರ್ಧ ದೇವರು ಮಾಡಿದ್ದು, ಅರ್ಧ ಮೋಹಾ ಮಾಡಿದ್ದು ಎಂದು ಊರವರು ತಮಾಷೆ ಮಾಡುತ್ತಾರೆ. ಆದರೆ ಬಸ್ಸೂ ಒಂದು ಚಿಟಿಕೆ ಧೂಳನ್ನೂ ಸೇರಿಸುವವನಲ್ಲ.

ಅಪ್ಪನಿಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಹೋಗಿ ಕೂಗಿದ. "ಮೋಹಾ! ಕೇಳಿಸ್ತೇನೋ? ಒಂದು ಕಲ್ಲಿಗೆ ನನ್ನ ಹೆಸರು ಇಡ್ತಾರಂತೆ!"

"ಇಡ್ಲಿ ಬಿಡು!" ಎದುರಿನಿಂದ ಉತ್ತರ ಬಂತು. "ಕಲ್ಲಿಗೆ ಇನ್ನೊಂದು ಕಲ್ಲಿನ ಹೆಸರೇ ಇಟ್ಟ ಹಾಗಾಯ್ತು!"

ಎಲ್ಲರೂ ನಕ್ಕರು. ತೂದಾ ನಗುನಗುತ್ತಲೇ ಕೇಳಿದಳು. "ಮೇಡಂ, ಹೊಸದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಇಲ್ಲಿ ನೋಡು." ಮೇಡಂ ಕಲ್ಲಿನ ಮೇಲಿನ ಉಬ್ಬುಗೆರೆಗಳ ಮೇಲೆ ಬೆರಳಾಡಿಸಿದರು. "ಎಲ್ಲ ಗೆರೆಗಳೂ ಹೊರಗಡೆ ಅಂಚಿಗೆ ಬಂದಾಗ ಎರಡಾಗಿ ಕವಲೊಡೀತವೆ. ಹೊರ ಸುರುಳಿಯ ಈ ಒಂದು ಜಾಗದಲ್ಲಿ ಮಾತ್ರ ಕವಲೇ ಇಲ್ಲ. ಸೀದಾ ಬಂದಿವೆ. ಒಂದು, ಎರಡು, ಮೂರು, ನಾಲ್ಕು, ಐದು."

ತೂದಾಳ ನಗು ಹಾಗೇ ನಿಂತುಹೋಯಿತು.

ಆ ಜಾಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲೊಂದು ಚೂರು ಎದ್ದುಹೋಗಿತ್ತು. ಒಳಗೆಲ್ಲ ಬಿರುಕುಬಿರುಕಾಗಿ ಕೊಳಕಾಗಿ ಕಾಣುತ್ತಿತ್ತು. ನಾಳೆ ಮೇಡಂ ಬರುತ್ತಾರೆ, ಇಂಥದ್ದನ್ನು ಹೇಗೆ ಕೊಡುವುದು ಎಂದು ನಿನ್ನೆ ಮಧ್ಯಾಹ್ನ ತೂದಾ ತಾನೇ ಕಲ್ಲಿನ ಪುಡಿಗೆ ಅಂಟು ಕಲಸಿ, ಮೆತ್ತಿ, ಮೊಳೆಯಿಂದ ಗೆರೆ ಕೊರೆದಿದ್ದಳು. ಮೋಹಾ ಮಾಡುವುದನ್ನು ನೋಡಿ ನೋಡಿಯೇ ಕಲಿತದ್ದು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅವಳಿಗೇ ಹೆಮ್ಮೆಯಾಗಿತ್ತು.

ಆದರೆ ಅವಳು ಕೊರೆದದ್ದು ಮೂರೇ ಗೆರೆ. ಮೇಡಂ ಎಣಿಸಿದ್ದು ಐದು.

ಮೂರು ಐದಾಗುವುದು ಹೇಗೆ? ನಾನೇ ಐದು ಕೊರೆದು ಮರೆತೆನಾ? ಇಲ್ಲ, ಮೂರೇ. ಹಾಗಾದರೆ ಮೇಡಂ ತೋರಿಸಿದ್ದು ಬೇರೆ ಜಾಗವಾ? ನನ್ನ ಮೂರು ಗೆರೆ ಇನ್ನೆಲ್ಲೋ ಇವೆಯಾ? ತೂದಾ ಬಗ್ಗಿ ನೋಡಿದಳು. ಕಲ್ಲೆಲ್ಲ ಒಂದೇ ಬಣ್ಣ. ಯಾವುದು ಕಲ್ಲು, ಯಾವುದು ತಾನು ಮೆತ್ತಿದ್ದು ಎಂದು ಅವಳಿಗೇ ಗೊತ್ತಾಗಲಿಲ್ಲ.

ಹೇಳಿಬಿಡಬೇಕು ಎನಿಸಿತು. ಆದರೆ ಏನೆಂದು ಹೇಳುವುದು? ಹೇಳಿದರೆ ಅಪ್ಪನ ಹೆಸರು ಹೋಗುತ್ತದೆ. ಹೇಳದಿದ್ದರೆ ಇಲ್ಲದ ಪ್ರಾಣಿಯೊಂದಕ್ಕೆ ಅಪ್ಪನ ಹೆಸರು ಅಂಟಿಕೊಳ್ಳುತ್ತದೆ. ಅಪ್ಪನೋ, ಬಾಗಿಲಲ್ಲಿ ನಿಂತು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಸುದ್ದಿ ಹೇಳುತ್ತಿದ್ದಾನೆ!

ಅಷ್ಟರಲ್ಲಿ ಅಜ್ಜಿ ಒಳಗಿನಿಂದ, "ಚಹಾ ಆಯ್ತು, ಕೈ ತೊಳ್ಕೊಳ್ಳಿ," ಎಂದು ಕೂಗಿದಳು. ಅಪ್ಪ ಮತ್ತು ಮೇಡಂ ಅಂಗಳದ ನಲ್ಲಿಯ ಕಡೆ ಹೋದರು. ಕಲ್ಲು ಮೇಜಿನ ಮೇಲೆ ಒಂಟಿಯಾಗಿ ಉಳಿಯಿತು.

ತೂದಾ ಓಡಿಹೋಗಿ ಅದನ್ನು ಎತ್ತಿಕೊಂಡು ನೆಕ್ಕಿದಳು.

ಬೆಟ್ಟದವರು ಕಲ್ಲನ್ನು ನೆಕ್ಕಿಯೇ ಪರೀಕ್ಷೆ ಮಾಡುವುದು. ನಿಜವಾದ ಕಲ್ಲಾದರೆ ಎಂಜಲು ತಾಗಿದ ಕೂಡಲೇ ಕಪ್ಪಾಗುತ್ತದೆ. ಮೆತ್ತಿದ್ದಾದರೆ ಬೆಳ್ಳಗೆ ಹಾಗೇ ಇರುತ್ತದೆ. ಈ ಕಲ್ಲು ಕಪ್ಪೂ ಆಗಲಿಲ್ಲ, ಬೆಳ್ಳಗೂ ಉಳಿಯಲಿಲ್ಲ. ಎಂಜಲು ಹನಿಹನಿಯಾಗಿ ಜಾರಿತು. ನಾಲಿಗೆಗೆ ಆಲಿವ್ ಎಣ್ಣೆಯ ರುಚಿ ಹತ್ತಿತು.

"ಏನೇ ಅದು, ಕಲ್ಲು ನೆಕ್ತಿದೀಯ? ಮನೇಲಿ ಊಟ ಹಾಕಲ್ವಾ ನಿಂಗೆ?" ಅಜ್ಜಿ ರೊಟ್ಟಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಜ್ಜೀ, ಇದರ ಮೇಲೆ ಎಣ್ಣೆ ಇದೆ!"

ಅಜ್ಜಿ ಅಂಗಳದ ಕಡೆ ಒಮ್ಮೆ ನೋಡಿದಳು. "ಮೆಲ್ಲಗೆ ಮಾತಾಡು. ನಾನೇ ಸವರಿದ್ದು, ಬೆಳಗ್ಗೆ. ಬೂದಿ ಬಡ್ಕೊಂಡ ಹಾಗಿತ್ತು. ಅಷ್ಟು ದೂರದಿಂದ ಬರೋ ಹೆಂಗಸಿಗೆ ಹಾಗೇ ಕೊಡಕ್ಕಾಗುತ್ತಾ? ಏನೀಗ? ನಿನ್ನ ತಲೆಗೂ ದಿನಾ ಎಣ್ಣೆ ಸವರ್ತೀನಿ, ಅದಕ್ಕೇ ನೀನು ಸುಳ್ಳು ತೂದಾ ಆಗ್ಬಿಟ್ಯಾ?"

ತೂದಾಳಿಗೆ ಅಳು ಬಂತು. ಮೆತ್ತಿದ್ದನ್ನು, ಕೊರೆದದ್ದನ್ನು, ಮೂರು ಐದಾದದ್ದನ್ನು ಅಜ್ಜಿಯ ಕಿವಿಯಲ್ಲಿ ಗಡಬಡಿಸಿ ಹೇಳಿದಳು.

"ಒಳ್ಳೇ ಕೆಲಸಾನೇ ಮಾಡಿದೀಯ ಬಿಡು," ಎಂದಳು ಅಜ್ಜಿ. "ಮನೆಗೆ ಬಂದವ್ರಿಗೆ ಮುಕ್ಕಾದ ಸಾಮಾನು ಕೊಡೋರಲ್ಲ ನಾವು."

"ಆದ್ರೆ ಅಪ್ಪ ಯಾವತ್ತೂ ಮೆತ್ತಲ್ಲ!"

ಅಜ್ಜಿ ರೊಟ್ಟಿಯ ತಟ್ಟೆಯನ್ನು ಕೆಳಗಿಟ್ಟಳು. ಆಮೇಲೆ ನಿಧಾನವಾಗಿ ಹೇಳಿದಳು. "ಅದೂ ನಿಜವೇ. ನಂಗೂ ತಿಳೀತಿಲ್ಲ ನನ್ನ ಕರುಳೇ. ಆದ್ರೆ ಅವನ ಮುಖ ನೋಡಿದೀಯಾ? ಮದುವೆ ದಿನಾನೂ ಇಷ್ಟು ಹಲ್ಲು ಕಾಣ್ಸಿರ್ಲಿಲ್ಲ."

ಅಜ್ಜಿಗೂ ತಿಳಿಯದಿದ್ದರೆ ಇನ್ನು ಯಾರನ್ನು ಕೇಳುವುದು? ತೂದಾ ಕಲ್ಲನ್ನು ಬಟ್ಟೆಯಿಂದ ಒರೆಸಿ ಇಟ್ಟಲ್ಲೇ ಇಟ್ಟಳು.

ಚಹಾ ಕುಡಿಯುವಾಗ ಅಪ್ಪ ಎಂದಿಲ್ಲದಷ್ಟು ಮಾತಾಡಿದ. ಮೇಡಂ ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ ತಿಂದರು. ತೂದಾ ರೊಟ್ಟಿಯನ್ನು ಚೂರು ಚೂರು ಮಾಡಿ ತಟ್ಟೆಯಲ್ಲೇ ಬಿಟ್ಟಳು. ಕೊನೆಗೆ ಮೇಡಂ ಕಲ್ಲನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡತೊಡಗಿದರು.

"ಬಸ್ಸೂ ಅಣ್ಣ, ಒಂದ್ಸಲ ಅಚ್ಚಾಯ್ತು ಅಂದ್ರೆ ಮುಗೀತು. ಆಮೇಲೆ ಈ ಹೆಸರನ್ನ ನಾನೂ ಬದಲಾಯಿಸೋ ಹಾಗಿಲ್ಲ, ನೀವೂ ಬದಲಾಯಿಸೋ ಹಾಗಿಲ್ಲ."

"ಯಾವತ್ತೂ?" ಎಂದಳು ತೂದಾ.

"ಯಾವತ್ತೂ. ನಾನು ಸತ್ತು, ನೀನು ಮುದುಕಿಯಾಗಿ, ನಿನ್ನ ಮೊಮ್ಮಕ್ಕಳು ಓದೋವಾಗ್ಲೂ ಅದೇ ಇರುತ್ತೆ."

ತೂದಾಳ ಕಣ್ಣಿಗೆ ಆ ಮೊಮ್ಮಕ್ಕಳು ಕಂಡರು. ಎಲ್ಲರೂ ಸೇರಿ ಅವಳನ್ನೇ ನೋಡುತ್ತಿದ್ದರು.

"ಅದು ನಾನು ಮಾಡಿದ್ದು!" ಮಾತು ಬಾಯಿಂದ ಬಿದ್ದೇಹೋಯಿತು. "ಆ ಗೆರೆ ನಾನು ಕೊರೆದಿದ್ದು. ಅಲ್ಲಿ ಮುಕ್ಕಾಗಿತ್ತು. ಪುಡಿ ಕಲಸಿ ಮೆತ್ತಿದೆ. ಅಪ್ಪಂಗೆ ಗೊತ್ತಿಲ್ಲ. ಅಪ್ಪ ಬೆಟ್ಟದಲ್ಲಿದ್ದ."

ಅಪ್ಪ ಚಹಾದ ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

"ಎಷ್ಟು ಗೆರೆ ಕೊರೆದೆ?" ಮೇಡಂ ಕೇಳಿದರು.

"ಮೂರು. ಆದ್ರೆ ನೀವು ಐದು ಅಂದ್ರಿ. ಇನ್ನೆರಡು ಎಲ್ಲಿಂದ ಬಂತೋ ನಂಗೊತ್ತಿಲ್ಲ, ದೇವರಾಣೆ! ನೆಕ್ಕಿ ನೋಡಿದೆ, ಗೊತ್ತಾಗ್ಲಿಲ್ಲ, ಎಣ್ಣೆ ಇತ್ತು..."

"ಎಣ್ಣೆ ನಂದು," ಎಂದಳು ಅಜ್ಜಿ ಮೂಲೆಯಿಂದ.

ಮೇಡಂ ಅಜ್ಜಿಯನ್ನು ನೋಡಿದರು, ತೂದಾಳನ್ನು ನೋಡಿದರು, ಕಲ್ಲನ್ನು ನೋಡಿದರು. ಆಮೇಲೆ ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದರು. ಮುಚ್ಚಳ ಬಿಚ್ಚಿದ ಕೂಡಲೇ ಉಗುರುಬಣ್ಣ ಅಳಿಸುವಾಗ ಬರುವ ಘಾಟು ಕೋಣೆಯೆಲ್ಲ ಹರಡಿತು. ಹತ್ತಿ ಅದ್ದಿ ಮೊದಲು ಎಣ್ಣೆ ಒರೆಸಿದರು. ಇನ್ನೊಂದು ಹತ್ತಿಯನ್ನು ಗೆರೆಗಳ ಮೇಲೆ ಇಟ್ಟು ಒತ್ತಿ ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ತೂದಾ ಮೆತ್ತಿದ್ದೆಲ್ಲ ಮೆತ್ತಗಾಗಿ, ಸೂಜಿಯ ತುದಿಗೆ ಬೆಣ್ಣೆಯಂತೆ ಎದ್ದುಬಂತು.

ಒಂದು ಗೆರೆ ಹೋಯಿತು. ಇನ್ನೊಂದು ಹೋಯಿತು. ಮೂರನೆಯದೂ ಹೋಯಿತು. ಮೇಡಂ ಎಷ್ಟು ಉಜ್ಜಿದರೂ ಉಳಿದೆರಡು ಅಲುಗಲಿಲ್ಲ. ಮುಕ್ಕಿನ ಆ ಕಡೆ ಒಂದು, ಈ ಕಡೆ ಒಂದು ಇದ್ದವು. ಎರಡಕ್ಕೂ ಕವಲಿರಲಿಲ್ಲ.

"ಇವೆರಡು ಕಲ್ಲಿನವೇ," ಎಂದರು ಮೇಡಂ. "ನೀನು ಕೊರೆಯೋವಾಗ ಅಕ್ಕಪಕ್ಕದ ಗೆರೆ ನೋಡ್ಕೊಂಡು ಕೊರೆದೆಯಾ?"

ಹೌದು! ತೂದಾಳಿಗೆ ಈಗ ನೆನಪಾಯಿತು. ಪಕ್ಕದ್ದು ಹೇಗಿದೆಯೋ ಹಾಗೇ ಇರಲಿ ಎಂದು ಸೀದಾ ಎಳೆದಿದ್ದಳು.

"ಹಾಗಾದ್ರೆ ಇದು ಹೊಸದೇನಾ?"

ಮೇಡಂ ಭೂತಗನ್ನಡಿ ಹಿಡಿದು ಮುಕ್ಕಾದ ಜಾಗದೊಳಗೆ ನೋಡುತ್ತಿದ್ದರು. ನೋಡುತ್ತಲೇ ಇದ್ದರು. "ಬಾ ಇಲ್ಲಿ," ಎಂದು ಗಾಜನ್ನು ತೂದಾಳ ಕಣ್ಣಿಗೆ ಹಿಡಿದರು.

ನಿನ್ನೆ ಬಿರುಕು ಎಂದುಕೊಂಡದ್ದು ಬಿರುಕಾಗಿರಲಿಲ್ಲ. ಕೊತ್ತಂಬರಿ ಎಲೆಯ ಅಂಚಿನ ಹಾಗೆ ಸುತ್ತಿ ಬಳುಕಿ ಹೋಗುವ ತೆಳ್ಳನೆಯ ಗೆರೆಗಳಾಗಿದ್ದವು.

"ಚಿಪ್ಪಿನ ಒಳಗೆ ಕೋಣೆ ಕೋಣೆ ಇರುತ್ತೆ," ಎಂದರು ಮೇಡಂ. "ಇದು ಆ ಕೋಣೆಗಳ ಗೋಡೆಯ ಅಂಚು. ಒಂದೊಂದು ಜಾತಿಗೂ ಒಂದೊಂದು ಥರ. ಯಾವ ಜಾತಿ ಅಂತ ಹೇಳೋಕೆ ಇದನ್ನ ನೋಡ್ಲೇಬೇಕು. ಮೇಲಿನ ಚಿಪ್ಪು ಎದ್ದುಹೋಗಿದ್ರೆ ಮಾತ್ರ ಕಾಣುತ್ತೆ."

"ನಾನು ಅದನ್ನೇ ಮುಚ್ಚಿಬಿಟ್ಟಿದ್ದೆ."

"ಹ್ಞೂಂ. ನೀಟಾಗಿ ಮುಚ್ಚಿದ್ದೆ."

"ಇದು ಹೊಸದಾ, ಅಲ್ವಾ? ಹೇಳಿ ಮೇಡಂ."

"ಗೊತ್ತಿಲ್ಲ ಮರಿ. ಆಗ ಗೊತ್ತು ಅಂದ್ಕೊಂಡಿದ್ದೆ, ಈಗ ಗೊತ್ತಿಲ್ಲ. ಇದನ್ನ ಬೇರೆ ಎಲ್ಲದರ ಜೊತೆ ಹೋಲಿಸ್ಬೇಕು. ಇಂಥದ್ದೇ ಇನ್ನೊಂದೆರಡು ಸಿಗ್ಬೇಕು. ತಿಂಗಳುಗಟ್ಟಲೆ ಕೆಲಸ ಇದೆ."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಅಪ್ಪ ತಲೆ ಎತ್ತಿದ. "ನನ್ನ ಹೆಸರು ಬೇಡ ಲಲ್ಲಾ. ನೀವು ಕಣ್ಣು ಮುಚ್ಚಿ ನಂಬ್ತಿದ್ರಿ. ಇನ್ಮೇಲೆ ನಮ್ಮ ಮನೆ ಕಲ್ಲನ್ನೂ ಕಣ್ಣು ಬಿಟ್ಟೇ ನೋಡಿ."

"ಊರಿಗೆ ಹೋಗಿ ದೊಡ್ಡ ಯಂತ್ರದಲ್ಲಿ ನೋಡಿದ್ರೆ ಅಂಟು ಕಂಡೇ ಕಾಣ್ತಿತ್ತು ಅಣ್ಣ," ಎಂದರು ಮೇಡಂ. "ನೀವೇ ಮೆತ್ತಿದ್ದು ಅಂದ್ಕೊಳ್ತಿದ್ದೆ. ಮತ್ತೆ ಈ ಕಡೆ ಬರ್ತಿರ್ಲಿಲ್ಲ." ಅವರು ಪೆಟ್ಟಿಗೆ ಮುಚ್ಚಿ ಎದ್ದರು. "ಮೆತ್ತಿದವರು ನನಗೆ ಬೇಕಾದಷ್ಟು ಜನ ಸಿಕ್ಕಿದ್ದಾರೆ. ಮೆತ್ತಿದ್ದೀನಿ ಅಂದವಳು ಇವಳೊಬ್ಬಳೇ."

ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದುರಂಗಡಿಯಿಂದ ಮೋಹಾ, "ಏನೋ ಬಸ್ಸೂ, ಹೆಸರಿಟ್ರಾ?" ಎಂದು ಕೂಗಿದಾಗ ಅಪ್ಪ ಬಾಗಿಲು ಮುಂದಕ್ಕೆಳೆದುಕೊಂಡ. ಮರುದಿನ, "ಎಲ್ಲಿ ಸಿಕ್ತು ತೋರಿಸು," ಎಂದು ತೂದಾಳನ್ನು ಹಳ್ಳಕ್ಕೆ ಕರೆದುಕೊಂಡು ಹೋದ. ಆಮೇಲೆ ಒಬ್ಬನೇ ಎಷ್ಟೋ ಸಲ ಆ ಹಳ್ಳಕ್ಕೆ ಹೋದ. ಕೊನೆಗೂ ಅಂಥವೇ ಎರಡು ಚೂರು ಸಿಕ್ಕವು. ಇದ್ದ ಹಾಗೇ ಬಟ್ಟೆಯಲ್ಲಿ ಸುತ್ತಿ ಮೇಡಂಗೆ ಕಳಿಸಿದ.

ಅಪ್ಪ ಶಾಲೆಯ ವಿಷಯ ಕೇಳುತ್ತಿದ್ದ, ಮೇಕೆಯ ವಿಷಯ ಹೇಳುತ್ತಿದ್ದ, ಸಂತೆಯಿಂದ ಖರ್ಜೂರ ತರುತ್ತಿದ್ದ. ಆದರೆ ತಾನು ಕಲ್ಲು ಬಿಡಿಸಿ ಶುಚಿ ಮಾಡುವ ಕೋಣೆಯಿಂದ, "ತೂದಾ, ಬ್ರಷ್ ತಾ," ಎಂದು ಕರೆಯುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದ. ತೂದಾ ಅಂಗಳದಲ್ಲಿ ಕೂತು ಉಳಿಯ ಟಕಟಕ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ತಾನು ಹೇಳಿದ್ದು ಸರಿಯೋ ತಪ್ಪೋ, ಅವಳಿಗೆ ಒಂದು ದಿನ ಒಂದು ಥರ ಅನಿಸುತ್ತಿತ್ತು, ಇನ್ನೊಂದು ದಿನ ಇನ್ನೊಂದು ಥರ.

ಬಾದಾಮಿ ಮರಗಳು ಒಂದು ಸಲ ಹೂ ಬಿಟ್ಟು, ಕಾಯಿ ಕೊಟ್ಟು, ಮತ್ತೆ ಹೂ ಬಿಟ್ಟಾಗಲೇ ಬುಶ್ರಾ ಮೇಡಂ ತಿರುಗಿ ಬಂದದ್ದು; ಆ ಕಲ್ಲಿನ ಕೆಲಸದಲ್ಲಿ ನಡುವೆ ಬರಲು ಆಗಿರಲಿಲ್ಲ. ಕೈಯಲ್ಲಿ ತೆಳ್ಳನೆಯ ಒಂದು ಪುಸ್ತಕವಿತ್ತು. ಅದನ್ನು ತೆರೆದು ಅಪ್ಪನ ಮುಂದೆ ಮೇಜಿನ ಮೇಲೆ ಇಟ್ಟರು. ಪುಟದಲ್ಲಿ ಆ ಸುರುಳಿ ಕಲ್ಲಿನ ಚಿತ್ರವಿತ್ತು.

ಅದೆಲ್ಲ ತೂದಾ ಶಾಲೆಯಲ್ಲಿ ಕಲಿಯುವ ಫ್ರೆಂಚಿನಲ್ಲಿತ್ತು. ಅಪ್ಪನಿಗೆ ಓದಲು ಬರುವುದಿಲ್ಲ. ಅವನು ಪುಟವನ್ನು ನೋಡಿದ, ಮೇಡಂ ಮುಖ ನೋಡಿದ, ಆಮೇಲೆ ಬಾಗಿಲ ಕಡೆ ತಿರುಗಿದ.

"ತೂದಾ, ಬಾ ಇಲ್ಲಿ. ಓದು."

ತೂದಾ ಒಳಗೆ ಬಂದಳು. ಪುಟದ ಮೇಲ್ಗಡೆ ಎರಡು ಪದದ ಹೆಸರಿತ್ತು. ಮೊದಲನೆಯದು ನಾಲಿಗೆಯೇ ಹೊರಳದಷ್ಟು ಉದ್ದವಿತ್ತು. ಅದನ್ನು ಹೇಗೋ ದಾಟಿದಳು. ಎರಡನೆಯದು ಸುಲಭವಾಗಿತ್ತು. "ಬಸ್ಸೂಯಿ," ಎಂದಳು. ಬಸ್ಸೂ ಎಂಬುದಕ್ಕೆ ಒಂದು ಬಾಲ ಸೇರಿಸಿದ ಹಾಗಿತ್ತು. "ಅಪ್ಪಾ, ನಿನ್ನ ಹೆಸರೇ! 'ಹೊಸ ಜಾತಿ' ಅಂತ ಬರೆದಿದಾರೆ!"

"ಬೇಡ ಅಂದಿದ್ದೆ," ಎಂದ ಅಪ್ಪ ಮೇಡಂ ಕಡೆ ನೋಡಿ.

"ಹೆಸರು ಕೊಟ್ಟವಳು ಬೇಡ ಅಂದಿರ್ಲಿಲ್ಲ," ಎಂದರು ಮೇಡಂ.

"ಹ್ಞೂಂ. ಮುಂದೆ ಓದು," ಎಂದ ಅಪ್ಪ ತೂದಾಳಿಗೆ.

ಮುಂದೆ ಅಳತೆಗಳಿದ್ದವು. ಗೆರೆಗಳ ಬಗ್ಗೆ, ಎಲೆಯಂಚಿನ ಬಗ್ಗೆ ಉದ್ದುದ್ದ ಸಾಲುಗಳಿದ್ದವು. ತೂದಾ ಒಂದೊಂದು ಪದವನ್ನೂ ಕೂಡಿಸಿ ಓದಿ, ಮನೆಯ ಮಾತಿನಲ್ಲಿ ಹೇಳುತ್ತಾ ಹೋದಳು. ಒಂದು ಕಡೆ ಅವಳ ದನಿ ಸಣ್ಣಗಾಯಿತು. "'ಹೊರಗಿನ ಸುರುಳಿಯಲ್ಲಿ ಒಂದು ಚೂರು ಇಲ್ಲ. ಅದನ್ನು ಹಾಗೆಯೇ ಬಿಡಲಾಗಿದೆ.'"

"ಇನ್ನೊಂದ್ಸಲ ಓದು," ಎಂದ ಅಪ್ಪ.

ತೂದಾ ಬೆರಳನ್ನು ಮೇಲಕ್ಕೆ ಒಯ್ದು ಬಸ್ಸೂಯಿ ಎಂಬಲ್ಲಿ ಇಟ್ಟಳು.

"ಅದಲ್ಲ. ಚೂರು ಇಲ್ಲ ಅಂತ ಇದೆಯಲ್ಲ, ಅದನ್ನ."

ತೂದಾ ಓದಿದಳು. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಆಮೇಲೆ ಬಾಗಿಲಿಗೆ ಹೋಗಿ ಎದುರಂಗಡಿಯ ಮೋಹಾನನ್ನು ಕೂಗಿ ಕರೆದ. ಮೋಹಾ ಕೈಗಂಟಿದ ಪುಡಿ ಒರೆಸಿಕೊಳ್ಳುತ್ತಾ ಬಂದು ಚಿತ್ರದ ಮೇಲೆ ಬಗ್ಗಿದ. ಅಪ್ಪ ಚಾಪೆಯ ಮೇಲೆ ಕುಳಿತು, ಸ್ವಲ್ಪ ಆಚೆ ಸರಿದು, ತೂದಾಳಿಗೆ ತನ್ನ ಪಕ್ಕದಲ್ಲಿ ಜಾಗ ಮಾಡಿದ.

"ಈಗ ಇವನಿಗೂ ಕೇಳಿಸೋ ಹಾಗೆ ಓದು ಮಗಳೇ."

ಯಾವ ಸಾಲು ಎಂದು ತೂದಾ ಕೇಳಲಿಲ್ಲ. ಅಪ್ಪನ ಪಕ್ಕ ಕೂತು, ಆ ಸಾಲಿನ ಕೆಳಗೆ ಬೆರಳಿಟ್ಟು, ತೊದಲದೆ ಓದಿದಳು.